ಲೋಟದ ಮೇಲಿನ ಹೆಸರು

ಊರಿನ ಪಾತ್ರೆ ಅಂಗಡಿಯಲ್ಲಿ ಸ್ಟೀಲು ಲೋಟ ಕೊಂಡರೆ ಅದರ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೆಲ್ಲ ಗೊತ್ತೇ ಇದೆ. ಕೊಂಡವರ ಹೆಸರು, ಇಲ್ಲವೇ ಉಡುಗೊರೆ ಕೊಟ್ಟವರ ಹೆಸರು, ಜತೆಗೆ ಮದುವೆಯ ತಾರೀಕು. ಮುಂಬಯಿಗೆ ಬಂದ ನಮ್ಮಂಥವರ ಟ್ರಂಕಿನಲ್ಲಿ ಅಂಥದೊಂದು ಲೋಟ ಇದ್ದೇ ಇರುತ್ತಿತ್ತು. ಒಂದೇ ಕೋಣೆಯಲ್ಲಿ ಐದಾರು ಮಂದಿ ಇರುವಾಗ ಇದು ನನ್ನದು ಎನ್ನಲು ಆ ಹೆಸರು ಬೇಕಿತ್ತು. ಲೋಟ ಮಾಡಿದವನ ಹೆಸರನ್ನು ಮಾತ್ರ ಯಾರೂ ಕೊರೆಸಿದ್ದು ನಾನು ಕಂಡಿಲ್ಲ. ಬೆಲೆ ಕೊಟ್ಟ ಮೇಲೆ ಅವನಿಗೆ ನಾವು ಸಲ್ಲಿಸಬೇಕಾದದ್ದು ಏನಾದರೂ ಉಳಿಯುತ್ತದೆಯೇ?

ಈ ಪ್ರಶ್ನೆ ನನಗೆ ಅಂಟಿಕೊಂಡದ್ದು ಬ್ಯಾಂಕಿನ ಕೆಲಸದಲ್ಲಿ. ಭಾಯಂದರ್ ಪೂರ್ವದಲ್ಲಿ ಸ್ಟೀಲು ಪಾತ್ರೆ ಮಾಡುವ ಸಣ್ಣ ಕಾರ್ಖಾನೆಗಳು ಬಹಳ. ಇಲ್ಲಿಯವರು ಅಂಥ ಜಾಗವನ್ನು ಗಾಲಾ ಎನ್ನುತ್ತಾರೆ. ಸಾಲ ಪಡೆದವರ ದಾಸ್ತಾನು ನೋಡಲು ನಾನು ಅಲ್ಲಿಗೆ ಹೋಗುತ್ತಿದ್ದೆ. ತಗಡನ್ನು ಮೊದಲು ದುಂಡಗೆ ಕತ್ತರಿಸುತ್ತಾರೆ. ಅದಕ್ಕೆ ಸರ್ಕಲ್ ಎಂದೇ ಹೆಸರು. ಪವರ್ ಪ್ರೆಸ್ಸಿನಲ್ಲಿಟ್ಟು ಒತ್ತಿದರೆ ಅದು ಬಟ್ಟಲಾಗುತ್ತದೆ. ಲೋಟದ ಆಳ ಒಂದೇ ಸಲಕ್ಕೆ ಬರುವುದಿಲ್ಲ. ಎಳೆದಷ್ಟೂ ತಗಡು ಗಡುಸಾಗುತ್ತದೆ, ಮಿತಿ ಮೀರಿದರೆ ಹರಿಯುತ್ತದೆ. ಹಾಗಾಗಿ ಎರಡು ಮೂರು ಸಲ ಒತ್ತಬೇಕು, ಬೇಕಾದಲ್ಲಿ ನಡುವೆ ಭಟ್ಟಿಯಲ್ಲಿ ಕಾಯಿಸಿ ಮೆದು ಮಾಡಬೇಕು. ಆಮೇಲೆ ಅಂಚು ಕತ್ತರಿಸಿ, ಬಾಯಿ ಮಡಚಿ, ಕೊನೆಗೆ ಪಾಲಿಶ್. ಗರಗರ ತಿರುಗುವ ಬಟ್ಟೆಯ ಚಕ್ರಕ್ಕೆ ಮೇಣದಂಥ ಗಟ್ಟಿ ಮಸಾಲೆ ಹಚ್ಚಿ ಲೋಟವನ್ನು ಒತ್ತಿ ಹಿಡಿಯುತ್ತಾರೆ. ಲೋಟ ಕನ್ನಡಿಯಾಗುತ್ತದೆ, ಹಿಡಿದವನು ಅಡಿಯಿಂದ ಮುಡಿಯವರೆಗೆ ಮಸಿಯಾಗುತ್ತಾನೆ.

ತಗಡಿಗೂ ಒಂದು ಊರಿದೆಯಲ್ಲ. ಉಕ್ಕಿನಲ್ಲಿ ಕಡೇಪಕ್ಷ ಶೇ. 10.5ರಷ್ಟು ಕ್ರೋಮಿಯಂ ಇದ್ದರೆ ಅದು ತುಕ್ಕು ತಡೆಯುತ್ತದೆ. ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಹುಟ್ಟುತ್ತದೆ, ಗೀರು ಬಿದ್ದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ನಮ್ಮ ದೇಶದ ಬಹುಪಾಲು ಕ್ರೋಮಿಯಂ ಅದಿರು ಒಡಿಶಾದ ಸುಕಿಂದಾ ಕಣಿವೆಯದು. 2007ರಲ್ಲಿ ಅಮೆರಿಕದ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಲೋಕದ ಹತ್ತು ಅತಿ ಕಲುಷಿತ ಜಾಗಗಳಲ್ಲಿ ಅದನ್ನೂ ಸೇರಿಸಿತು. ಅಲ್ಲಿಯ ನೀರು ಕೆಟ್ಟಿತ್ತು. ನಮ್ಮ ಲೋಟದ ನೀರಿಗೆ ಮಾತ್ರ ಕಲೆಯಿಲ್ಲ.

ದಾಸ್ತಾನಿನ ಪಟ್ಟಿಯಲ್ಲಿ ಕಚ್ಚಾ ಮಾಲು, ಅರ್ಧ ತಯಾರಾದದ್ದು, ಪೂರ್ತಿ ತಯಾರಾದದ್ದು ಎಂದು ಮೂರು ಕಲಂ. ಮಾರ್ಜಿನ್ ಕಳೆದರೆ ಎಷ್ಟು ಹಣ ಬಿಡಬಹುದೆಂದು ಸಿಗುತ್ತದೆ. ಒಮ್ಮೆ ಪ್ರೆಸ್ಸಿನವನೊಬ್ಬ ನನ್ನ ಮುಂದೆ ಸರ್ಕಲ್‌ಗಳನ್ನು ಎಣಿಸುತ್ತಿದ್ದ. ನನ್ನ ಬ್ಯಾಗಿನಲ್ಲಿದ್ದ ಕನ್ನಡ ಪತ್ರಿಕೆ ಕಂಡದ್ದೇ, "ಬರೋಬ್ಬರಿ ಅದಾವ್ರಿ ಸಾಹೇಬ್ರ, ಎಣಿಸ್ಕೋರಿ" ಎಂದ. ಕಲಬುರಗಿ ಕಡೆಯವನು. ಬಲಗೈಯಲ್ಲಿ ತೋರುಬೆರಳಿರಲಿಲ್ಲ. ನಾನು ನೋಡಿದ್ದನ್ನು ನೋಡಿ, "ಅದು ಹೋಗಿ ಮೂರು ವರ್ಷಾತ್ರಿ" ಎಂದು ಮತ್ತೆ ಎಣಿಸತೊಡಗಿದ. 1923ರ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ತೋರುಬೆರಳು ಪೂರ್ತಿ ಹೋದರೆ ಗಳಿಕೆಯ ಶಕ್ತಿ ಶೇ. 14, ಹೆಬ್ಬೆರಳಿಗೆ ಶೇ. 30 ಕಡಿಮೆಯೆಂದು ಬರೆದಿತ್ತು. ಬೆರಳಿಗೂ ದರಪಟ್ಟಿ ಇತ್ತು. ನಮ್ಮ ಮೂರು ಕಲಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಡೊಂಬಿವಲಿಯ ನನ್ನ ಗೆಳೆಯರೊಬ್ಬರಿಗೆ, ಅವರೂ ಬ್ಯಾಂಕಿನವರೇ, ಇದೆಲ್ಲ ಅತಿಯೆನಿಸುತ್ತದೆ. "ದುಡ್ಡು ಕೊಟ್ಟಾಯ್ತಲ್ಲ ಮಾರಾಯ್ರೆ, ಇನ್ನೆಂಥ ಋಣ? ಹೀಗೆ ಲೆಕ್ಕ ಹಾಕಿದ್ರೆ ಒಂದು ಲೋಟ ನೀರು ಕುಡೀಲಿಕ್ಕೂ ಆಗ್ಲಿಕ್ಕಿಲ್ಲ" ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಅವರ ಬಾಯಲ್ಲೇ ಋಣ ಎಂಬ ಮಾತು ಬಂತು ನೋಡಿ, ಸಾಲ ಎಂದು ಬರಲಿಲ್ಲ. ಸಾಲಕ್ಕೆ ಖಾತೆಯುಂಟು, ಕಂತುಂಟು, ತೀರಿದರೆ ರಸೀದಿಯುಂಟು. ಅನ್ನದ ಋಣ, ಊರಿನ ಋಣ ಎನ್ನುತ್ತೇವಲ್ಲ, ಅದಕ್ಕೆ ಯಾವ ಬ್ಯಾಂಕೂ ರಸೀದಿ ಕೊಡುವುದಿಲ್ಲ.

ಇನ್ನು ಆ ಬೆಲೆಯೇ ಸರಿಯಿತ್ತೇ ಎಂದು ಕೇಳಬೇಕು. ಲೋಟದ ಬೆಲೆಯಲ್ಲಿ ತಗಡಿನ ದರವನ್ನು ಉಕ್ಕಿನ ಕಂಪನಿ ಹೇಳುತ್ತದೆ, ವಿದ್ಯುತ್ತಿನ ದರ ಸರಕಾರದ್ದು, ಬಡ್ಡಿ ನಮ್ಮದು. ಅದು ತಿಂಗಳು ತಿಂಗಳು ಖಾತೆಗೆ ಬಿದ್ದೇ ಬೀಳುತ್ತದೆ. ಈ ಮೂರರ ಮುಂದೆ ಗಾಲಾದ ಮಾಲಿಕನ ಚೌಕಾಶಿ ನಡೆಯದು. ನಡೆಯುವುದು ನಗಕ್ಕೆ ಇಷ್ಟು ಎಂದು ಕೂಲಿ ಪಡೆಯುವ ಪಾಲಿಶ್‌ನವನ ಮುಂದೆ ಮಾತ್ರ. ಅಂಗಡಿಯಲ್ಲಿ ನಾವು ಹತ್ತು ರೂಪಾಯಿ ಇಳಿಸಿದ ಸಂತೋಷ ಸುತ್ತಿ ಬಳಸಿ ಅವನ ಕೈಯಿಂದಲೇ ಬರುವುದು.

ಹೊರನಾಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಕಾಫಿ ಕುಡಿದವರು ಬಿಲ್ಲು ಕೊಟ್ಟು ಎದ್ದುಹೋದರು. ತೊಳೆದ ಹುಡುಗನ ಊರು ಯಾವುದೆಂದು ಕೇಳಿದವರು ಎಷ್ಟು ಮಂದಿ?

ಪಾತ್ರೆ ಅಂಗಡಿಯಲ್ಲಿ ನಾನೀಗ ಚೌಕಾಶಿ ಮಾಡುವುದಿಲ್ಲ. ಮನೆಯವಳಿಗೆ ಇದು ಒಪ್ಪಿಗೆಯಿಲ್ಲ. "ನೀವು ಬಿಟ್ಟ ಹತ್ತು ರೂಪಾಯಿ ಭಾಯಂದರಿಗೆ ಹೋಗ್ತದಾ? ಸೇಟಿನ ಗಲ್ಲಾಕ್ಕೆ ಬೀಳ್ತದೆ" ಎನ್ನುತ್ತಾಳೆ. ಎಂ.ಕಾಂ. ಓದಿದವ ನಾನು, ಲೆಕ್ಕ ಅವಳದ್ದೇ ಸರಿ. ಆದರೂ ದರ ಇಳಿಸಲು ಬಾಯಿ ಬರುವುದಿಲ್ಲ.