ವಾಸಿಯಾದ ಎದೆ

ಕ್ಷಯಕ್ಕೆ ಔಷಧಿಯೇ ಇರದ ಕಾಲದಲ್ಲಿ ವೈದ್ಯರು ರೋಗಿಯ ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಎದೆಯೊಳಗೆ ಗಾಳಿ ತುಂಬುತ್ತಿದ್ದರು. ಒತ್ತಡಕ್ಕೆ ಶ್ವಾಸಕೋಶ ಮುದುಡಿಕೊಳ್ಳುತ್ತಿತ್ತು. ಅದಕ್ಕೆ ವಿಶ್ರಾಂತಿ ಸಿಕ್ಕರೆ ಒಳಗಿನ ಹುಣ್ಣು ಮಾಯುತ್ತದೆಂಬ ನಂಬಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯ ಕಾರ್ಲೊ ಫೋರ್ಲಾನಿನಿ ತೋರಿಸಿಕೊಟ್ಟ ಈ ಉಪಾಯ ದೇಶದೇಶಗಳಿಗೆ ಹರಡಿತು. ತುಂಬಿದ ಗಾಳಿ ಮೈಯಲ್ಲೇ ಇಂಗಿಹೋಗುತ್ತಿದ್ದುದರಿಂದ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಸಹಿಸಿಕೊಂಡ ಹಲವರು ಬದುಕಿದರು.

ಜಪಾನಿನಲ್ಲಿ ಹಾಗೆ ಬದುಕಿದ ಕೆಲವರ ಎದೆಯಲ್ಲಿ ಕೀವು ಉಳಿದುಬಿಟ್ಟಿತು. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದು ಮುಪ್ಪು ಬಂದಾಗ ಅದೇ ಪಕ್ಕೆಯಲ್ಲಿ ನೋವು, ಜ್ವರ, ಎದೆಯ ಗೋಡೆಯಲ್ಲಿ ಊತ. 1980ರ ದಶಕದಲ್ಲಿ ಅಲ್ಲಿನ ವೈದ್ಯರು ಇದು ಲಿಂಫೋಮಾ ಎಂಬ ಕ್ಯಾನ್ಸರಿನ ಅಪರೂಪದ ಒಂದು ಬಗೆ ಎಂದು ಗುರುತಿಸಿದರು. ನಮ್ಮಲ್ಲಿ ಹೆಚ್ಚಿನವರ ಮೈಯಲ್ಲಿ ಸದ್ದಿಲ್ಲದೆ ಇರುವ ಎಪ್‌ಸ್ಟೀನ್-ಬಾರ್ ವೈರಸ್ ಆ ಗಡ್ಡೆಯ ಜೀವಕೋಶಗಳಲ್ಲಿ ಸಿಕ್ಕಿತು. ವರ್ಷಗಟ್ಟಲೆ ಉರಿಯೂತ ಆರದೆ ಇದ್ದ ಆ ಮುಚ್ಚಿದ ಜಾಗದಲ್ಲಿ, ದೇಹದ ಕಾವಲು ತಲುಪದ ಕಡೆ, ಸೋಂಕು ತಗುಲಿದ ಜೀವಕೋಶಗಳು ಬೆಳೆದಿದ್ದವು.

ಚುಚ್ಚಿದವರನ್ನು ದೂರಲು ನನಗೆ ಮನಸ್ಸಾಗದು. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಅಲ್ಲಿಯವರೆಗೆ ಸಾಯುತ್ತಿರುವವನ ಎದುರು ಕೈಕಟ್ಟಿ ನಿಲ್ಲದೆ ಅವರು ತಮಗೆ ಗೊತ್ತಿದ್ದುದನ್ನು ಮಾಡಿದರು. ಆ ಗಾಳಿಯಿಂದ ಒಬ್ಬ ತಾಯಿಗೆ ಮೂವತ್ತು ವರ್ಷದ ಸಂಸಾರ ದಕ್ಕಿದ್ದರೆ ಅದು ಸಣ್ಣ ಮಾತಲ್ಲ. ಆದರೆ ‘ಆಗ ಗೊತ್ತಿರಲಿಲ್ಲ’ ಎಂಬ ಉತ್ತರ ಸಲ್ಲುವುದು ಮೊದಲ ರೋಗಿ ಊತ ಹೊತ್ತು ಮರಳಿ ಬರುವ ತನಕ ಮಾತ್ರ. ಆಮೇಲೆ ನೆನಪಿಟ್ಟುಕೊಳ್ಳುವ ಹೊಣೆ ವೈದ್ಯರದು. ಗುಣವಾಯಿತೆಂದು ಬರೆದು ಕಡತ ಮುಚ್ಚಿದಷ್ಟಕ್ಕೆ ಅದು ತೀರುವುದಿಲ್ಲ.

ಗಾಳಿ ತುಂಬುವ ಚಿಕಿತ್ಸೆ ಹೋಯಿತು, ಕ್ಷಯ ಹೋಗಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲೇ ಇದ್ದಾರೆ. ಎದೆಯಲ್ಲಿ ಕೀವು ಕಟ್ಟಿ ವರ್ಷಗಟ್ಟಲೆ ನರಳುವವರು ನಮ್ಮಲ್ಲೂ ಉಂಟು. ಅಂಥವರಿಗೆ ಮುಪ್ಪಿನಲ್ಲಿ ಊತ ಬಂದರೆ ಹಳೆಯ ಕೀವೇ ಕೆರಳಿತೆಂದು ತಿಳಿಯುವುದು ಸುಲಭ. ಗಡ್ಡೆಯ ಚೂರು ತೆಗೆದು ಪರೀಕ್ಷಿಸದೆ ನಿಜ ತಿಳಿಯದು. ಅದಕ್ಕೂ ಮುಂಚೆ ಹಳೆಯ ಕಾಯಿಲೆಯ ಸುದ್ದಿ ಹೊರಬರಬೇಕು. ನಮ್ಮ ಮನೆಗಳಲ್ಲಿ ಕ್ಷಯವನ್ನು ಬೀಗರಿಗೆ ತಿಳಿಯದಂತೆ ಮುಚ್ಚಿಟ್ಟವರೆಷ್ಟೋ! ಹೆಂಡತಿಗೂ ಹೇಳದವರಿದ್ದಾರೆ. ಆ ಅಂಜಿಕೆ ಎಪ್ಪತ್ತರ ವಯಸ್ಸಿನಲ್ಲೂ ಬಿಡುವುದಿಲ್ಲ. ಪಕ್ಕೆನೋವೆಂದು ಬಂದ ಅಜ್ಜನ ಮಕ್ಕಳು, ಸೊಸೆಯಂದಿರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ‘ಹಿಂದೆ ಎಂದಾದರೂ ಎದೆಯ ಕಾಯಿಲೆ ಆಗಿತ್ತೇ, ಕೀವು ತೆಗೆಸಿದ್ದಿರೇ?’ ಎಂದು ವೈದ್ಯರು ಮೆಲ್ಲಗೆ ಕೇಳಿದರೆ ಆತ ಹೇಳಿಯಾನು.