ಭೂತಕಾಲದ ಎರಡು ರೂಪಗಳು

ಕಳೆದುದೆಲ್ಲವೂ ಮುಗಿದುದೇ? ತತ್ತ್ವಜ್ಞರು ಬಿಡುವಾದಾಗ ಚರ್ಚಿಸುವ ಈ ಪ್ರಶ್ನೆಗೆ ಸ್ಪ್ಯಾನಿಷ್ ಭಾಷೆಯನ್ನಾಡುವವನು ಭೂತಕಾಲದ ಕ್ರಿಯಾಪದವನ್ನು ನುಡಿದಾಗಲೆಲ್ಲ ಉತ್ತರವೀಯಬೇಕಾಗುತ್ತದೆ.

ಹಾಡುವುದೆಂಬರ್ಥದ 'ಕಂತಾರ್' ಎಂಬ ಸಕ್ರಮ ಧಾತುವನ್ನು ನೋಡಿರಿ. ಕೊನೆಯ 'ಆರ್' ಲೋಪವಾಗಿ ಪ್ರತ್ಯಯಗಳು ಹತ್ತಿದರೆ ಕಂತೇ, ಕಂತಾಸ್ತೆ, ಕಂತೋ, ಎಂದರೆ ಹಾಡಿದೆನು, ಹಾಡಿದೆ, ಹಾಡಿದನು ಎಂಬ ರೂಪಗಳಾಗುವುವು. ಇವು ಕ್ರಿಯೆಯನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಗಂಟಾಗಿ ಕಟ್ಟಿ ತೋರಿಸುವುವು. ಇನ್ನೊಂದು ರೂಪ 'ಕಂತಾಬಾ': ಹಾಡುತ್ತಿದ್ದನು. ಆ ಹಾಡು ಎಂದು ನಿಂತಿತು, ನಿಂತಿತೋ ಇಲ್ಲವೋ, ಎಂಬುದನ್ನು ಇದು ಹೇಳದು. ಪಾಣಿನೀಯರು ಭೂತವನ್ನು ವಿಂಗಡಿಸುವಾಗ ಇಂದಿನದಲ್ಲದ್ದು, ಕಣ್ಣಾರೆ ಕಾಣದ್ದು ಎಂಬ ಭೇದಗಳನ್ನೆಣಿಸಿದರು. ಈ ಎರಡು ರೂಪಗಳಿಗಾದರೋ ಗಂಟು ಬಿಗಿಯಿತೇ ಎಂಬುದೊಂದೇ ಲೆಕ್ಕ. (ವಿನೋದವೆಂದರೆ 'ವಿವೀಮೊಸ್' ಎಂಬೊಂದೇ ಪದಕ್ಕೆ ಬಾಳುತ್ತೇವೆ, ಬಾಳಿದೆವು ಎಂಬೆರಡರ್ಥಗಳೂ ಉಂಟು.)

ಆರ್ಜೆಂಟೈನಾದ ತಾಯಂದಿರ ಕಥೆಯನ್ನು ಕೇಳದವರು ಇದನ್ನು ಬರಿಯ ಶಬ್ದಶಾಸ್ತ್ರವೆಂದಾರು. 1976ರಿಂದ 1983ರವರೆಗೆ ಅಲ್ಲಿ ಸೇನಾನಿಗಳ ಆಳಿಕೆಯಿತ್ತು. ಸಾವಿರಾರು ಜನರನ್ನು ಮನೆಗಳಿಂದಲೂ ಬೀದಿಗಳಿಂದಲೂ ಒಯ್ದರು, ಅವರು ಹಿಂದಿರುಗಲಿಲ್ಲ. 1977ರ ಏಪ್ರಿಲ್ 30ರಂದು ಕೆಲವರು ತಾಯಂದಿರು ರಾಜಧಾನಿಯ ಮಾಯೊ ಚೌಕದಲ್ಲಿ ನೆರೆದರು. ಬಳಿಕ ಗುರುವಾರ ಗುರುವಾರವೂ ತಲೆಗೆ ಬಿಳಿಯ ವಸ್ತ್ರ ಕಟ್ಟಿ ಅಲ್ಲಿ ಸುತ್ತು ಬಂದರು. ಅಂಥ ತಾಯಿ ಮಗನನ್ನು ಕುರಿತು ಯಾವ ರೂಪವನ್ನಾಡಬೇಕು? 'ವಿವಿಯೋ', ಬಾಳಿದನು, ಎಂದರೆ ಅವನ ಬಾಳಿನ ಗಂಟನ್ನು ತಾನೇ ಬಿಗಿದಂತೆ. 'ವಿವೀಆ', ಬಾಳುತ್ತಿದ್ದನು, ಎಂದರೆ ಆಸೆಗೆ ಎಡೆಯುಂಟು. ಆದರೆ ಆ ಎಡೆಯಲ್ಲಿ ಅವಳು ಎಷ್ಟು ವರ್ಷ ನಿಂತಿರಬೇಕು! ಸೇನಾಧಿಪತಿ ವಿದೇಲಾ 1979ರಲ್ಲಿ ಪತ್ರಕರ್ತರಿಗೆ, ಕಾಣೆಯಾದವನು ಸತ್ತವನೂ ಅಲ್ಲ, ಬದುಕಿರುವವನೂ ಅಲ್ಲ ಎಂದು ಹೇಳಿದನು. ಮನುಷ್ಯನೊಬ್ಬನಿಗೆ ಯಾವ ಕಾಲವೂ ಒಪ್ಪದಂತೆ ಮಾಡುವುದಕ್ಕಿಂತ ದೊಡ್ಡ ಕ್ರೌರ್ಯವನ್ನು ನಾನರಿಯೆ.

ಹಳೆಯದನ್ನು ಮುಚ್ಚದೆ ನಾಡು ಬಾಳದೆಂದು ವಾದಿಸುವವರುಂಟು; ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಮುಚ್ಚುವ ಅಧಿಕಾರ ಯಾರದು? 'ಆದುದು ಆಯಿತು' ಎಂದು ನೊಂದವಳು ನುಡಿದರೆ ಅದು ಕ್ಷಮೆಯಾಗಬಹುದು. ಅದನ್ನೇ ನೋಯಿಸಿದವನು ನುಡಿದರೆ ಎರಡನೆಯ ಅಪರಾಧ. 1986ರಲ್ಲಿ ಆ ದೇಶದ ಚುನಾಯಿತ ಸರಕಾರವೇ, ಸೇನೆಯ ಒತ್ತಡದಲ್ಲಿ, ಹೊಸ ಮೊಕದ್ದಮೆಗಳಿಗೆ 60 ದಿನಗಳ ಗಡುವನ್ನಿಟ್ಟು ಒಂದು ಶಾಸನವನ್ನು ಮಾಡಿತು. ಜನ ಅದನ್ನು ಕರೆದ ಹೆಸರು 'ಪುಂತೊ ಫಿನಾಲ್', ಪೂರ್ಣವಿರಾಮ. ತಾಯಂದಿರು ಸುತ್ತುವುದನ್ನು ಬಿಡಲಿಲ್ಲ. 2003ರಲ್ಲಿ ಶಾಸನಸಭೆಯು ಆ ವಿರಾಮವನ್ನು ಅಳಿಸಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದು ಸಂವಿಧಾನವಿರುದ್ಧವೆಂದಿತು. ವಿಚಾರಣೆಗಳು ಮತ್ತೆ ನಡೆದುವು. ವಿದೇಲಾ 2013ರಲ್ಲಿ ಸೆರೆಮನೆಯಲ್ಲಿಯೇ ಮೃತನಾದನು.