ಕಾಣದ ಜೀವಿಗೂ ದಯೆ ಸಲ್ಲುವುದೆ?



ಇಳಕಲ್ಲ ಸೀರೆಯ ಸೊಬಗನ್ನು ಮರೋಳದ ಸೀಮೆಯವರಿಗೆ ನಾವು ವರ್ಣಿಸಬೇಕಾದುದಿಲ್ಲ. ಅದರ ಕೆಂಪು ಸೆರಗು, ಗಿರಿಕುಂಕುಮದ ಬಣ್ಣ ನಿಮ್ಮ ಮನೆಯ ಮಂಗಳಕಾರ್ಯಗಳೊಡನೆ ಬೆರೆತುಹೋಗಿವೆ. ಆದರೆ ನೂಲಿಗೆ ಬಣ್ಣವನ್ನು ಕಟ್ಟಿದ ಮೇಲೆ ಬಾನಿಯಲ್ಲಿ ಉಳಿದ ನೀರು ಎಲ್ಲಿಗೆ ಹೋಗುವುದು, ಅಲ್ಲಿ ಯಾವ ಜೀವಿಗಳು ಬಾಳುತ್ತಿವೆ ಎಂದು ಕೇಳುವವರು ವಿರಳ.

ಕೆರೆ ಹೊಂಡಗಳಲ್ಲಿ ಸಾಸಿವೆಕಾಳಿನಷ್ಟು ಗಾತ್ರದ ಒಂದು ಜೀವಿಯುಂಟು. ಜಿಗಿಜಿಗಿದು ಈಜುವುದರಿಂದ ಅದನ್ನು ನೀರಿನ ಚಿಗಟವೆನ್ನುತ್ತಾರೆ. ವಿಜ್ಞಾನಿಗಳು ಡಾಫ್ನಿಯಾ ಎಂದು ಹೆಸರಿಟ್ಟಿದ್ದಾರೆ. ವಾಸ್ತವದಲ್ಲಿ ಅದು ಚಿಗಟವಲ್ಲ, ಸೀಗಡಿಯ ದೂರದ ಬಂಧು. ಅದರ ಕವಚ ಎಷ್ಟು ತಿಳಿಯೆಂದರೆ ಸೂಕ್ಷ್ಮದರ್ಶಕದಡಿಯಲ್ಲಿ ಅದರ ಹೃದಯ ಮಿಡಿಯುವುದನ್ನೇ ನೋಡಬಹುದು. ಪಾಚಿಯ ಕಣಗಳನ್ನು ಸೋಸಿ ತಿಂದು ಬದುಕುವ ಇದನ್ನು ಮೀನಿನ ಮರಿಗಳು ತಿಂದು ಬೆಳೆಯುತ್ತವೆ. ನೀರಿನ ವಿಷವನ್ನು ಅಳೆಯಲು ಪ್ರಯೋಗಶಾಲೆಗಳು ಇದನ್ನೇ ಸಾಕ್ಷಿಗೆ ಕರೆಯುತ್ತವೆ. ಹುಟ್ಟಿ ಒಂದು ದಿನವೂ ತುಂಬದ ಮರಿಗಳನ್ನು ಬಣ್ಣದ ನೀರಿನಲ್ಲಿ ಬಿಟ್ಟು, 48 ಗಂಟೆಗಳಲ್ಲಿ ಎಷ್ಟು ನಿಶ್ಚಲವಾದವೆಂದು ಎಣಿಸುತ್ತಾರೆ. ಇನ್ನೊಂದು ಪರೀಕ್ಷೆ 21 ದಿನಗಳದು; ಸಾಯದೆ ಉಳಿದ ತಾಯಿ ಎಷ್ಟು ಮರಿಗಳನ್ನು ಹಾಕಿತೆಂಬುದು ಅಲ್ಲಿಯ ಲೆಕ್ಕ. ಕೊಲ್ಲದಷ್ಟು ಅಲ್ಪವಾದ ವಿಷವೂ ಸಂತತಿಯನ್ನು ಕುಗ್ಗಿಸಬಲ್ಲುದು.

ಎಲ್ಲ ಬಣ್ಣಗಳೂ ಸಮಾನವಾಗಿ ಕ್ರೂರವಲ್ಲ. ಮ್ಯಾಲಕೈಟ್ ಗ್ರೀನ್‌ನಂಥವು ಅತ್ಯಲ್ಪ ಪ್ರಮಾಣದಲ್ಲಿಯೇ ಮಾರಕ. ಬೇರೆ ಕೆಲವು ನೇರವಾಗಿ ಕೊಲ್ಲದಿದ್ದರೂ ಬೆಳಕನ್ನು ತಡೆದು ಪಾಚಿಯನ್ನು ಸೊರಗಿಸುತ್ತವೆ. (ಹಳೆಯ ಸಸ್ಯವರ್ಣಗಳೆಲ್ಲ ನಿರ್ದೋಷಿಗಳೆಂಬುದೂ ಅರೆಸತ್ಯವೆ. ಅವನ್ನು ನೂಲಿಗೆ ಹಿಡಿಸಲು ತಾಮ್ರ, ಕ್ರೋಮಿಯಂ ಲವಣಗಳನ್ನು ಬಳಸುವುದೂ ಉಂಟು.)

ಇಲ್ಲಿ ವಿಚಾರಿಸಬೇಕಾದ ಸಂಗತಿಯೊಂದಿದೆ. ನಮ್ಮ ದಯೆ ಸಾಮಾನ್ಯವಾಗಿ ಕಣ್ಣಿನ ಹಿಂದೆ ನಡೆಯುತ್ತದೆ. ಗಾಯಗೊಂಡ ಎತ್ತನ್ನು ಕಂಡರೆ ಮರುಗುತ್ತೇವೆ. ಕೆಂಪಾದ ಹಳ್ಳವನ್ನು ಕಂಡರೆ ಅಂಜುತ್ತೇವೆ. ನೀರು ತಿಳಿಯಾದರೆ ನಿಶ್ಚಿಂತರಾಗುತ್ತೇವೆ. ಆದರೆ ಅಜೋ ಜಾತಿಯ ಬಣ್ಣಗಳು ಗಾಳಿಯಾಡದ ಕೆಸರಿನಲ್ಲಿ ಒಡೆದಾಗ ಹುಟ್ಟುವ ಅಮೈನುಗಳಿಗೆ ಬಣ್ಣವೇ ಇರುವುದಿಲ್ಲ. ಅವುಗಳಲ್ಲಿ ಕೆಲವು ಮೂಲವರ್ಣಕ್ಕಿಂತಲೂ ಹೆಚ್ಚು ವಿಷಕರ. ಅಂದಮೇಲೆ ಕಣ್ಣು ಕೊಟ್ಟ ಭರವಸೆಯನ್ನೇ ನಂಬಿದ ದಯೆ ಎಷ್ಟರಮಟ್ಟಿಗೆ ದಯೆ? ಶರಣಮಾರ್ಗದಲ್ಲಿ ಆಚಾರಕ್ಕೆ ಅರಿವಿನ ಜೊತೆಯನ್ನು ಬಯಸಿದುದು ಇಂಥಲ್ಲಿಯೇ ಅರ್ಥವಾಗುತ್ತದೆ.

"ಕಣ್ಣಿಗೆ ಕಾಣದ ಹುಳುವಿಗಾಗಿ ನೇಕಾರನ ಅನ್ನಕ್ಕೆ ಕಲ್ಲು ಹಾಕುವುದೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೆ. ಜೇಡರ ದಾಸಿಮಯ್ಯನವರ ಕಾಯಕವೂ ನೇಯ್ಗೆಯಾಗಿತ್ತು. ಆದರೆ ತಮಿಳುನಾಡಿನ ತಿರುಪ್ಪೂರಿನಲ್ಲಿ ನಡೆದುದನ್ನು ನೋಡಿರಿ. ಬಣ್ಣದ ಕಾರ್ಖಾನೆಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿ, ಕೆಳಗಿನ ರೈತರ ಹೊಲ ಬಾವಿಗಳನ್ನೂ ಕೆಡಿಸಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಆ ಘಟಕಗಳನ್ನು ಮುಚ್ಚಿಸಿತು. ದುಡಿಯುವವರ ಅನ್ನಕ್ಕೆ ಕಲ್ಲು ಬಿದ್ದುದು ಹುಳುವಿನ ಚಿಂತೆ ಮಾಡಿದುದರಿಂದಲ್ಲ, ಮನುಷ್ಯನಿಗೆ ತಟ್ಟುವವರೆಗೂ ಯಾರೂ ಚಿಂತಿಸದೆ ಇದ್ದುದರಿಂದ.

ಹಾಗೆಂದು ಹೊಣೆಯನ್ನೆಲ್ಲ ಬಾನಿಯ ಮುಂದೆ ನಿಂತವನ ತಲೆಗೆ ಕಟ್ಟುವುದು ಧರ್ಮವಲ್ಲ. ನೀರನ್ನು ಶುದ್ಧಿಗೊಳಿಸಲು ಹಣ ಬೇಕು. ಬಡ ಬಣ್ಣಗಾರನೊಬ್ಬನಿಂದ ಅದು ಆಗದ ಮಾತು. ಆ ಸೀರೆಯನ್ನುಟ್ಟು ಗುಡಿಗೆ ಬರುವವರಿಗೂ ಮಾರಿ ಲಾಭ ಪಡೆಯುವವರಿಗೂ ಅದರಲ್ಲಿ ಪಾಲಿದೆ. ಹನಿ ನೀರಾವರಿಯ ಹೆಸರಿನಿಂದ ನಾಡಿಗೆ ಪರಿಚಿತವಾದ ಮರೋಳದವರಿಗೆ ನೀರಿನ ಬೆಲೆಯನ್ನು ನಾವು ಹೇಳಬೇಕೆ? ಮುಂದಿನ ಮದುವೆಗೆ ಸೀರೆ ಕೊಳ್ಳುವಾಗ, ಅಂಗಡಿಯವರು ನೀರಿನ ಶುದ್ಧಿಯ ಖರ್ಚನ್ನೂ ಸೇರಿಸಿ ಬೆಲೆ ಹೇಳಿದರೆ, ಚೌಕಾಶಿ ಮಾಡದೆ ಕೊಡುವಿರಾ?